ಹೊಸ್ತಿಲಲ್ಲಿ ಕಾಲು ಅಂಟಿಕೊಂಡರೆ ಕೈ ಹಿಡಿದು ಎಳೆಯಬೇಡಿ

ಬಾಗಲಕೋಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಪಾರ್ಕಿನ್ಸನ್ ಅನ್ನುವ ನಡುಕದ ಕಾಯಿಲೆ ಇದ್ದ ಅಜ್ಜ ಒಬ್ಬರು ಊಟದ ಹಾಲ್ ಬಾಗಿಲಲ್ಲಿ ಗಕ್ಕನೆ ನಿಂತುಬಿಟ್ಟರು. ಹಿಂದೆ ಜನ. ಇಬ್ಬರು ಹುಡುಗರು ‘ಬರ್ರಿ ಅಜ್ಜಾರ, ಬರ್ರಿ’ ಅಂತ ಕೈ ಹಿಡಿದು ಎಳೆದರು. ಮೈ ಮುಂದೆ ಬಂತು, ಪಾದ ಅಲ್ಲೇ ಉಳಿಯಿತು. ಪುಣ್ಯಕ್ಕೆ ಯಾರೋ ತಬ್ಬಿ ಹಿಡಿದರು. ನಮ್ಮ ಅಪ್ಪನಿಗೂ ಇದೇ ಕಾಯಿಲೆ, ಮೊದಮೊದಲು ನಾನೂ ಹೀಗೇ ಎಳೆಯುತ್ತಿದ್ದೆ, ಹಾಗಾಗಿ ಬೈಯೋಕೆ ನನಗೆ ಬಾಯಿಲ್ಲ.

ಮೊದಲು ಏಳುವುದು. ಕುರ್ಚಿಯ ಅಂಚಿಗೆ ಸರಿದು, ಪಾದ ಹಿಂದೆಳೆದುಕೊಂಡು, ಚೆನ್ನಾಗಿ ಮುಂದೆ ಬಾಗಿ ಏಳಬೇಕು. ಎದ್ದ ಮೇಲೆ ಸ್ವಲ್ಪ ನಿಲ್ಲಿ, ಬಿಪಿ ಇಳಿದು ತಲೆ ತಿರುಗಬಹುದು. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ.

ಈಗ ಕಾಲು ಅಂಟುವ ವಿಷಯ. ನಾವು ನಡೆಯುವಾಗ ಹೆಜ್ಜೆಯ ಬಗ್ಗೆ ಯೋಚಿಸುವುದಿಲ್ಲ, ಅಲ್ವಾ? ಮಿದುಳು ತಾನೇ ನಡೆಸುತ್ತದೆ. ಈ ಕಾಯಿಲೆಯಲ್ಲಿ ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕ ಕಡಿಮೆಯಾದಾಗ ಕೈಕೊಡುವುದು ಈ ತಾನೇ ನಡೆಯುವ ಕೆಲಸ. ಬೇಕಂತಲೇ ಇಡುವ ಹೆಜ್ಜೆ ಎಷ್ಟೋ ಸಲ ಬರುತ್ತದೆ. ಮೆಟ್ಟಿಲು ಸರಾಗ ಹತ್ತುವ ಅಪ್ಪ ಬಾಗಿಲಲ್ಲಿ ನಿಂತರೆ ನಾಟಕ ಅಂದುಕೊಂಡಿದ್ದೆ. ನಾಟಕವಲ್ಲ. ಇಕ್ಕಟ್ಟಾದ ಬಾಗಿಲು, ತಿರುವು, ಅವಸರ, ಈ ಮೂರರಲ್ಲೇ ಕಾಲು ಜಾಸ್ತಿ ಅಂಟುತ್ತದೆ.

ಕಾಲು ಅಂಟಿತೋ, ನಡೆಯುವ ಪ್ರಯತ್ನವನ್ನೇ ಬಿಡಿ. ನೆಟ್ಟಗೆ ನಿಲ್ಲಿ. ಹಿಮ್ಮಡಿ ನೆಲಕ್ಕೆ ಊರಲಿ. ಒಂದು ಉಸಿರು. ಆಮೇಲೆ ಮೈಭಾರವನ್ನು ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಗಾಲಿಗೆ, ತೊಟ್ಟಿಲು ತೂಗಿದ ಹಾಗೆ ನಿಧಾನ ಹಾಕಿ. ಭಾರ ಎಡಕ್ಕಿದ್ದಾಗ ಬಲಗಾಲು ಹಗುರಾಗುತ್ತದೆ, ‘ಒಂದು, ಎರಡು, ಮೂರು’ ಅಂದು ಅದನ್ನೇ ಎತ್ತಿ ದೊಡ್ಡ ಹೆಜ್ಜೆ ಇಡಿ. ಕಣ್ಣಿಗೆ ಒಂದು ಗೆರೆ ಸಿಕ್ಕರೆ ಇನ್ನೂ ಸುಲಭ. ನಮ್ಮ ಪಡಸಾಲೆಯಲ್ಲಿ ಶಹಾಬಾದ್ ಫರಸಿಯ ಸಂದುಗಳೇ ಗೆರೆ. ಬಾಗಿಲ ಹತ್ತಿರ ಹೆಜ್ಜೆಗೊಂದರಂತೆ ಹಳದಿ ಟೇಪ್ ಅಡ್ಡಕ್ಕೆ ಅಂಟಿಸಿದ್ದೇನೆ. ತುದಿ ಏಳುವ ಅಗ್ಗದ ಟೇಪ್ ತರಬೇಡಿ, ಅದಕ್ಕೇ ಎಡವುತ್ತಾರೆ. ಜೊತೆಗಿರುವವರು ಪಕ್ಕದಲ್ಲಿ ನಿಂತು ಎಣಿಸಿದರೆ ಸಾಕು. ನಾಲ್ಕು ಮಂದಿ ನಾಲ್ಕು ಸಲಹೆ ಕೂಗಿದರೆ ಕಾಲು ಇನ್ನಷ್ಟು ಅಂಟುತ್ತದೆ.

ತಿರುಗುವಾಗ ನಿಂತಲ್ಲೇ ಗಿರಕಿ ಬೇಡ, ಎತ್ತಿನ ಗಾಡಿ ತಿರುಗಿಸಿದ ಹಾಗೆ ದೊಡ್ಡ ಸುತ್ತು ಹಾಕಿ. ಕೈಯಲ್ಲಿ ಚಹಾ ಕಪ್, ಬಾಯಲ್ಲಿ ಮಾತು, ಜೊತೆಗೆ ನಡಿಗೆ, ಮೂರೂ ಒಟ್ಟಿಗೆ ಬೇಡ.

ಗುಳಿಗೆ ಗಡಿಯಾರ ನೋಡಿಯೇ ಕೊಡಿ. ಡೋಪಮಿನ್ ಕೊರತೆ ತುಂಬುವ ಲೆವೊಡೊಪಾ ಗುಳಿಗೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು, ನೀರಿನ ಜೊತೆ ಕೊಡುತ್ತಾರೆ. ಹಾಲು, ಮೊಸರು, ಕಾಳುಪಲ್ಯದ ಪ್ರೋಟೀನ್ ಅದಕ್ಕೆ ಅಡ್ಡ ಬರುತ್ತದೆ. ಹಾಗಂತ ಕಾಳು ಬಿಡಿಸಬೇಡಿ, ಹೊತ್ತು ಬದಲಿಸಿ. ವಾಂತಿಗೆ ಅಂತ ಅಂಗಡಿಯಲ್ಲಿ ಕೇಳಿ ಮೆಟೊಕ್ಲೊಪ್ರಮೈಡ್ ತಂದೀರಿ, ನಡುಕ ಏರುತ್ತದೆ. ನಸುಗುನ್ನಿ ಪುಡಿ ಮಾರುವವರೂ ಬರುತ್ತಾರೆ. ಅದರಲ್ಲಿ ಇರುವುದೂ ಲೆವೊಡೊಪಾನೇ, ಗುಳಿಗೆ ಮೇಲೆ ಅದನ್ನೂ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಡಾಕ್ಟರನ್ನು ಕೇಳದೆ ಯಾವ ಗುಳಿಗೆಯನ್ನೂ ತಟ್ಟನೆ ನಿಲ್ಲಿಸಬೇಡಿ.

ಬಟ್ಟೆಯದು ಸುಲಭ. ಕಾಲಿಗೆ ತೊಡರುವ ಧೋತರ ಹಬ್ಬಕ್ಕಿರಲಿ, ದಿನಕ್ಕೆ ಪೈಜಾಮ. ಅಂಗಿಯ ಗುಂಡಿ ಹೊರಗೆ ಹಾಗೇ ಹೊಲಿಸಿ, ಒಳಗೆ ವೆಲ್ಕ್ರೋ ಹಚ್ಚಿಸಿ. ಬೀಗರು ಬಂದರೂ ಗೊತ್ತಾಗುವುದಿಲ್ಲ.