ಪ್ರಿಂಟ್ ಏನೋ ಆಯ್ತು, ಒಳಗಿರೋ ಪುಡಿ?

ರಾಕೆಟ್ ಎಂಜಿನ್ 3ಡಿ ಪ್ರಿಂಟ್ ಮಾಡ್ತೀನಿ ಅಂದ್ರೆ ಎಲ್ರೂ ಕೇಳೋದು ಲೋಹದ ಪುಡಿನ ಪದರ ಪದರವಾಗಿ ಕರಗಿಸೋ ಲೇಸರ್ ಬಗ್ಗೆ. ನಂದು ಅರ್ಧ ದಿನ ರಬ್ಬರ್ ಸುತ್ತಿಗೆ ಹಿಡ್ಕೊಂಡು ಟಕ್ ಟಕ್ ಅಂತ ತಟ್ಟೋದ್ರಲ್ಲೇ ಕಳೆಯುತ್ತೆ. ತಮಾಷೆ ಅಲ್ಲ.

ಇಂಧನ ಉರಿಯೋ ಚೇಂಬರ್ ಒಳಗಿನ ಉರಿ 3000 ಡಿಗ್ರಿ ದಾಟುತ್ತೆ, ನಾವು ಬಳಸೋ ಇಂಕೊನೆಲ್ 718 ಅನ್ನೋ ನಿಕ್ಕಲ್ ಮಿಶ್ರಲೋಹ ಮಾತ್ರ 1300ರ ಆಸುಪಾಸಲ್ಲೇ ಕರಗಿಹೋಗುತ್ತೆ. ಅದಕ್ಕೇ ಗೋಡೆಯೊಳಗೆ ಸಣ್ಣ ಸಣ್ಣ ಚಾನೆಲ್‌ಗಳು, ಇಂಧನ ಮೊದಲು ಅದ್ರಲ್ಲಿ ಹರಿದು ಗೋಡೆ ತಣ್ಣಗಿಟ್ಟು ಆಮೇಲೆ ಚೇಂಬರ್‌ಗೆ ಚಿಮ್ಮಿಸೋ ಇಂಜೆಕ್ಟರ್‌ಗೆ ಬರುತ್ತೆ. ಹಳೇ ರೀತೀಲಾದ್ರೆ ಚಾನೆಲ್ ಮಿಲ್ಲಿಂಗ್ ಮಾಡಿ ಮೇಲೊಂದು ಜಾಕೆಟ್ ಕೂರಿಸಿ ಬೆಸೀಬೇಕು, ಪ್ರಿಂಟಲ್ಲಿ ಎಲ್ಲಾ ಒಂದೇ ತುಂಡು. ಇಸ್ರೋದವ್ರು 2024ರ ಮೇ 9ಕ್ಕೆ 665 ಸೆಕೆಂಡ್ ಉರಿಸಿದ, ಪ್ರಿಂಟ್ ಮಾಡಿದ ಪಿಎಸ್4 (ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ) ಎಂಜಿನ್ನಲ್ಲಿ 14 ಭಾಗ ಹೋಗಿ ಒಂದೇ ಆಗಿ, 19 ವೆಲ್ಡ್ ಜಾಯಿಂಟ್ ಇಲ್ಲವಾಯ್ತು.

ಆದ್ರೆ ಪ್ರಿಂಟ್ ಮುಗಿದಾಗ ಆ ಚಾನೆಲ್‌ಗಳ ತುಂಬಾ ಕರಗದೇ ಉಳಿದ ಲೋಹದ ಪುಡಿ. ಕಣ 15ರಿಂದ 45 ಮೈಕ್ರಾನ್, ಮೈದಾಹಿಟ್ಟಿನ ಥರ, ಆದ್ರೆ ಭಾರ. ಇದು ಪೂರ್ತಿ ಹೊರಗೆ ಬರೋಕ್ ಮುಂಚೆ ಲೋಹದೊಳಗಿನ ಬಿಗಿತ ಇಳಿಸೋಕೆ ಅಂತ ಫರ್ನೇಸ್‌ಗೆ ಹಾಕಿದ್ರೆ ಕಣಕಣ ಅಂಟ್ಕೊಂಡು ಗಟ್ಟಿಯಾಗುತ್ತೆ. ಪ್ಲೇಟಿಂದ ತಂತಿಯಲ್ಲಿ ಕತ್ತರಿಸಿ ಬಿಡಿಸೋ ವೈರ್ ಕಟ್‌ಗೆ ಕಳಿಸಿದ್ರೆ ನೀರು ನುಗ್ಗಿ ಕೆಸರಾಗುತ್ತೆ. ಅಂದ್ರೆ ಪ್ರಿಂಟ್ ಆದ ಬಿಲ್ಡ್ ಪ್ಲೇಟ್ ಮೇಲಿರುವಾಗಲೇ ಖಾಲಿ ಮಾಡ್ಬೇಕು.

ನಾನು ಎಡವಿದ್ದು ಅಲ್ಲೇ. ನಮ್ಮ ಮೊದಲ ಚೇಂಬರ್‌ನಲ್ಲಿ 72 ಚಾನೆಲ್, ತಟ್ಟಿ, ತಿರುಗಿಸಿ, ಗಾಳಿ ಹೊಡೆದು, ಇನ್ನೇನೂ ಉದುರ್ತಿಲ್ಲ ಅಂದ್ಮೇಲೆ ತೂಕ ಹಾಕಿದೆ, ಡಿಸೈನ್ ಲೆಕ್ಕಕ್ಕಿಂತ 15 ಗ್ರಾಂ ಜಾಸ್ತಿ ಬಂತು. ಆರು ಕಿಲೋ ಭಾಗದಲ್ಲಿ ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ ಅಂತ ಫರ್ನೇಸ್‌ಗೆ ಕಳ್ಸಿಬಿಟ್ಟೆ. ಆಮೇಲೆ ನೀರು ಹರಿಸಿ ನೋಡಿದ್ರೆ ಹರಿವು ಕಮ್ಮಿ. ಸಿಟಿ ಸ್ಕ್ಯಾನಲ್ಲಿ ಒಂಬತ್ತು ಚಾನೆಲ್ ಕಂಪ್ಲೀಟ್ ಬ್ಲಾಕ್, ಎಲ್ಲಾ ಅಕ್ಕಪಕ್ಕದವೇ. ಹಾಗೇ ಉರಿಸಿದ್ದಿದ್ರೆ ಆ ಜಾಗದಲ್ಲಿ ಗೋಡೆ ತೂತಾಗ್ತಿತ್ತು. ಸೂಜಿ ಹಾಕಿ ಕೆದಕಿದ್ರೂ ಅಲ್ಲಾಡಲಿಲ್ಲ, ಭಾಗ ಸ್ಕ್ರ್ಯಾಪ್.

ತಪ್ಪು ಬರೀ ತಟ್ಟೋದ್ರಲ್ಲಿ ಇರ್ಲಿಲ್ಲ, ಡ್ರಾಯಿಂಗಲ್ಲೇ ಇತ್ತು. ಚಾನೆಲ್‌ಗಳ ಕೆಳತುದಿ ಪ್ಲೇಟ್‌ಗೆ ಅಂಟಿ ಮುಚ್ಚಿಹೋಗಿತ್ತು, ಪುಡಿ ಬಂದ್ರೆ ಮೇಲಿಂದಾನೇ ಬರ್ಬೇಕು. ಈಗ ಪ್ಲೇಟ್‌ಗಿಂತ ಸ್ವಲ್ಪ ಮೇಲೆ ಪ್ರತಿ ಚಾನೆಲ್‌ಗೂ ಪಕ್ಕದಲ್ಲೊಂದು ತೂತು ಬಿಡ್ತೀವಿ, ಕೊನೇಲಿ ವೆಲ್ಡ್ ಮಾಡಿ ಮುಚ್ಚೋದು. ಚಾನೆಲ್ ಚೂರು ಅಗಲ ಮಾಡಿದ್ವಿ. ಅಗಲ ಜಾಸ್ತಿ ಆದ್ರೆ ಇಂಧನದ ವೇಗ ಇಳಿದು ತಂಪು ಸಾಲಲ್ಲ, ತೀರಾ ಕಿರಿದಾದ್ರೆ ಪ್ರಿಂಟಿನ ಒರಟು ಗೋಡೆಗೆ ಉಜ್ಜಿ ಪ್ರೆಷರ್ ಇಳಿದುಹೋಗುತ್ತೆ. ರಾಕೆಟ್ ಲ್ಯಾಬ್ ಕಂಪನಿಯ ರುದರ್‌ಫೋರ್ಡ್ ಎಂಜಿನ್ ಥರ ನಮ್ದೂ ಬ್ಯಾಟರಿ ಮೋಟರ್ ಪಂಪ್, ಆ ಪ್ರೆಷರ್ ಎಲ್ಲಾ ಬ್ಯಾಟರಿಯಿಂದಾನೇ ಬರ್ಬೇಕು, ಬ್ಯಾಟರಿ ಅಂದ್ರೆ ತೂಕ. ಇದಕ್ಕೆ ನಾನೂ ಡಿಸೈನ್‌ನವ್ರೂ ಇನ್ನೂ ಜಗಳ ಆಡ್ತಾನೇ ಇದೀವಿ.

ತೂಕವನ್ನ ಈಗ ಲೆಕ್ಕದ ಜೊತೆ ಹೋಲ್ಸಲ್ಲ. ತಟ್ಟು, ತೂಗು, ಮತ್ತೆ ತಟ್ಟು, ಮೂರು ಸಲ ಒಂದೇ ಅಂಕಿ ಬರೋ ತನಕ. ಆಮೇಲೆ ಒಂದೊಂದೇ ತೂತಿಗೆ ಗಾಳಿ ಬಿಟ್ಟು, ಆ ಕಡೆ ಬೆರಳಿಟ್ಟು ನೋಡಿ ಪಟ್ಟಿಯಲ್ಲಿ ಟಿಕ್ ಹಾಕ್ತೀನಿ. 72 ಟಿಕ್ ಆಗದೇ ಫರ್ನೇಸ್ ಬಾಗಿಲು ತೆಗೆಯಲ್ಲ.