ಮನೆ ಭೇಟಿಗೆ ಹೋಗುವವರಿಗೆ: ಮೊದಲು ಚಹಾ, ಆಮೇಲೆ ಸುವಾರ್ತೆ

ಸಭೆಯ ಅಣ್ಣಂದಿರೇ, ಅಕ್ಕಂದಿರೇ, ಹೋದ ವರ್ಷ ಬಳ್ಳಾರಿಯ ನಮ್ಮ ಓಣಿಯಲ್ಲಿ, ಮೆಣಸಿನಕಾಯಿ ಬೆಳೆದು ಕೈಸುಟ್ಟುಕೊಂಡಿದ್ದ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಕುಳಿತ ಐದು ನಿಮಿಷಕ್ಕೇ ಸತ್ಯವೇದ ಬಿಚ್ಚಿದೆ. ಅವರು ಸುಮ್ಮನೆ ಕೇಳಿದರು. ಅವರ ಕೈಯಲ್ಲಿ ಮಡಚಿಕೊಂಡಿದ್ದ ಸಾಲದ ನೋಟಿಸು ನನ್ನ ಕಣ್ಣಿಗೆ ಬಿದ್ದದ್ದು ಎದ್ದು ಹೊರಡುವಾಗ. ನಾಚಿಕೆಯಾಯಿತು.

ಅಂದಿನಿಂದ ಮೊದಲ ಭೇಟಿಯಲ್ಲಿ ಪುಸ್ತಕ ಚೀಲದಲ್ಲೇ ಇರುತ್ತದೆ. ಕೊಟ್ಟ ಚಹಾ ಕುಡಿದು ಅವರ ಮಾತು ಕೇಳುತ್ತೇನೆ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡ ಎಂದರೆ ಅಲ್ಲಿಗೇ ಬಿಡುತ್ತೇನೆ. ಪೇತ್ರನ ಮೊದಲ ಪತ್ರಿಕೆ 3:15 ಉತ್ತರ ಕೊಡಲು ಸಿದ್ಧರಾಗಿರಿ ಎನ್ನುತ್ತದೆ, ಅದೂ ಕೇಳಿದವರಿಗೆ, ಸಾತ್ವಿಕತೆಯಿಂದ. ಕೇಳುವ ಮೊದಲೇ ಸುರಿಯಿರಿ ಎಂದಿಲ್ಲ. ಅವರ ಮನೆಯ ದೇವರ ಜಗಲಿಯ ಬಗ್ಗೆ ಹಗುರವಾಗಿ ಮಾತನಾಡುವುದಂತೂ ಬೇಡವೇ ಬೇಡ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಿ. ಪಾದ್ರಿಗಳನ್ನು ಕೇಳಿಕೊಂಡು ಬಂದು ಹೇಳಿದರಾಯಿತು.

1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕುಳಿತು ಕನ್ನಡ ಕಲಿತರು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. ನಮಗೆ ಮಾತ್ರ ಒಂದೇ ಭಾನುವಾರದಲ್ಲಿ ಎಲ್ಲ ಮುಗಿಯಬೇಕು!

ಅಂದ ಹಾಗೆ, ಆ ಹಿರಿಯರ ಮನೆಗೆ ಈಗಲೂ ಹೋಗುತ್ತೇನೆ. ಮಾತೆಲ್ಲ ಮೆಣಸಿನಕಾಯಿ ದರದ್ದೇ.