ಹೂಳು ಯಾರ ಹೊಲಕ್ಕೆ ಹೋಯಿತು?

ಕೆರೆ ಹೂಳೆತ್ತುವ ಕೆಲಸದ ಮೂರನೇ ದಿನ ಸಂಜೆ ನೋಟ್‌ಬುಕ್ ತೆಗೆದು ಲೋಡು ಎಣಿಸಿದೆ. ಹೊಲಕ್ಕೆ ಗೊಬ್ಬರವಾಗುವ ಆ ಹೂಳಲ್ಲಿ ಮುಕ್ಕಾಲು ಪಾಲು ನಾಲ್ಕೇ ಮನೆಯವರ ತೋಟ ಸೇರಿತ್ತು. ಯಾರೂ ಮೋಸ ಮಾಡಿರಲಿಲ್ಲ. 'ಹೂಳು ಪುಕ್ಕಟೆ, ಸಾಗಣೆ ನಿಮ್ಮದು' ಅಂತ ನಾವೇ ನಿಯಮ ಮಾಡಿದ್ದೆವು. ಟ್ರ್ಯಾಕ್ಟರ್ ಇದ್ದವರು ಹೊಡೆದುಕೊಂಡರು, ಅಷ್ಟೇ.

ಕೋಲಾರದ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಬಂದರೆ ಜೋರು, ಇಲ್ಲದಿದ್ದರೆ ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಬಂದದ್ದನ್ನು ಹಿಡಿದಿಡಲು ಇರುವುದು ಕೆರೆಯೊಂದೇ. ಹಾಗಾಗಿ ಬರಕ್ಕೆ ತಯಾರಾಗುವ ಮಾತು ಬಂದರೆ ಮೊದಲು ಕೆರೆಯ ಹೂಳೆತ್ತುವುದೇ ನೆನಪಾಗುತ್ತದೆ. ನಾನು ಊರೂರಿಗೆ ಹೋಗಿ ಕೆರೆ ಸಂಘ ಕಟ್ಟುವ ಕೆಲಸದಲ್ಲಿದ್ದೆ.

ಆ ನಿಯಮ ಮಾಡಿದ ಮೊದಲ ಸಭೆ ದೇವಸ್ಥಾನದ ಜಗಲಿ ಮೇಲೆ ಕರೆದಿದ್ದೆ. ದಲಿತ ಕೇರಿಯವರು ಬಂದರು, ಆದರೆ ಕೆಳಗೇ ನಿಂತರು. ಹೆಂಗಸರು ಬರಲೇ ಇಲ್ಲ. ಪುಸ್ತಕದಲ್ಲಿ ಮಾತ್ರ 'ಎಲ್ಲರೂ ಹಾಜರು' ಅಂತ ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಲೋಡು ಎಣಿಸಿದ ಮೇಲೆ ಮುಂದಿನ ಸಭೆ ಕೆರೆ ಏರಿ ಮೇಲೆ, ನೀರು ಬಿಡುವ ತೂಬಿನ ಹತ್ತಿರ, ರಾತ್ರಿ ಊಟದ ಹೊತ್ತು ಕಳೆದ ಮೇಲೆ. ಅಲ್ಲಿ ಮೇಲೆ ಕೆಳಗೆ ಅನ್ನೋದಿಲ್ಲ ಅಲ್ವಾ, ಎಲ್ಲರಿಗೂ ಮಣ್ಣೇ. ತೂಬು ಎತ್ತಿ ಹೊಲಗಳಿಗೆ ನೀರು ಬಿಡುವ ನೀರುಗಂಟಿ ಅಜ್ಜ ಅವತ್ತು ಮೊದಲ ಸಲ ಬಾಯಿಬಿಟ್ಟರು. "ತೂಬು ಎತ್ತೋನು ನಾನು, ಮಣ್ಣು ಮಾತ್ರ ನಿಮಗಾ ಸ್ವಾಮಿ?" ಅಂದರು. ಅವರಿಗೆ ಇರುವುದು ಅರ್ಧ ಎಕರೆ ಹೊಲ, ಅದೂ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಭೂಮಿಯ, ಆಚೆ.

ಆ ರಾತ್ರಿ ಜಗಳವೇ ಆಯಿತು. "ಅಚ್ಚುಕಟ್ಟಲ್ಲಿ ಭೂಮಿ ಇಲ್ಲದವರಿಗೆ ಕೆರೆ ಮಾತೇನು?" ಅಂತ ಒಬ್ಬರು ಎದ್ದೇ ಹೋದರು. ಹಳೇ ದಾಮಾಷ ಪದ್ಧತಿಯೂ ಹಾಗೇ ನೋಡಿ. ನೀರು ಕಮ್ಮಿಯಾದಾಗ ನ್ಯಾಯವಾಗಿ ಹಂಚುತ್ತಿದ್ದರು, ನಿಜ. ಆದರೆ ಅಚ್ಚುಕಟ್ಟಲ್ಲಿ ಭೂಮಿ ಇದ್ದವರ ನಡುವೆ ಮಾತ್ರ.

ಕೊನೆಗೆ ಒಪ್ಪಿದ್ದು ಇಷ್ಟು: ಮುಂದಿನ ಹತ್ತು ದಿನದ ಹೂಳು ಎರಡು ಎಕರೆ ಒಳಗಿನವರಿಗೆ. ಆಮೇಲೆ ಒಯ್ಯುವವರು ಲೋಡಿಗಿಷ್ಟು ಅಂತ ಸಂಘಕ್ಕೆ ಕಟ್ಟಬೇಕು. ಸಣ್ಣವರ ಬಾಡಿಗೆ ಬಾಕಿಯನ್ನು ಟ್ರ್ಯಾಕ್ಟರಿನವರಿಗೆ ಆ ದುಡ್ಡಿನಲ್ಲೇ ತೀರಿಸುವುದು. ಲೋಡು ಬರೆಯುವ ಪುಸ್ತಕ ಹೆಂಗಸರ ಸಂಘದ ಕೈಗೆ ಹೋಯಿತು. ಅವರು ಬರೆದಷ್ಟು ಕಟ್ಟುನಿಟ್ಟಾಗಿ ನಾನೆಂದೂ ಬರೆದಿಲ್ಲ.

ಒಂದು ವಿಷಯದಲ್ಲಿ ಸೋತೆವು. ಮುಂದಿನ ವರ್ಷ ಕೆರೆ ತುಂಬಿತು, ಕೆಳಗಿನ ಬೋರ್‌ವೆಲ್‌ಗಳಲ್ಲೂ ನೀರು ಏರಿತು. ಆದರೆ ಬೋರ್‌ವೆಲ್ ಇದ್ದದ್ದು ಮತ್ತದೇ ಮನೆಗಳಿಗೆ. ಹೂಳನ್ನು ಲೋಡಿನ ಲೆಕ್ಕದಲ್ಲಿ ಹಂಚಬಹುದು, ನೆಲದೊಳಗೆ ಇಳಿದ ನೀರನ್ನು ಯಾವ ಪುಸ್ತಕದಲ್ಲಿ ಬರೆಯೋದು? ಬೋರ್ ಇದ್ದವರು ವರ್ಷಕ್ಕೊಂದು ವಂತಿಗೆ ಕೊಡಲಿ, ಅದರಲ್ಲಿ ನೀರುಗಂಟಿಗೆ ಸಂಬಳ ಆಗಲಿ ಅಂತ ಮೂರು ಸಭೆಯಲ್ಲಿ ಕೇಳಿದೆ. ಮೂರು ಸಲವೂ "ನೋಡೋಣ" ಅಂದರು. ಅಜ್ಜ ಈಗಲೂ ಸುಗ್ಗಿಯಲ್ಲಿ ಸಿಗುವ ರಾಗಿಗೇ ತೂಬು ಎತ್ತುತ್ತಾರೆ.